ಬಡ್ತಿ, ಸೀಟು, ಪದವಿ, ಹೆಸರು: ಕ್ರೈಸ್ತ ವಿಶ್ವಾಸಿ ತನ್ನ ಆಕಾಂಕ್ಷೆಯನ್ನು ಎಲ್ಲಿಡಬೇಕು?

“ಪ್ರಮೋಷನ್ ಸಿಗಲಿ ಅಂತ ಪ್ರಾರ್ಥನೆ ಮಾಡಬಹುದಾ?” “ಪಾಸ್ಟರೇಟ್ ಕಮಿಟಿ ಚುನಾವಣೆಗೆ ನಿಲ್ಲುವ ಮನಸ್ಸಿದೆ, ಅದು ಹೆಮ್ಮೆಯಾ?” “ಮಗಳಿಗೆ ಮೆಡಿಕಲ್ಲೇ ಬೇಕಂತೆ. ದೇವರ ಚಿತ್ತಕ್ಕೆ ಬಿಡು ಅಂದರೆ ಅಳುತ್ತಾಳೆ. ಏನು ಹೇಳಲಿ?” ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಕೇಳುವವರ ವಯಸ್ಸು, ಸಭೆ, ಊರು ಬೇರೆ ಬೇರೆ. ಆದರೆ ಎಲ್ಲರಿಗೂ ತಿಳಿಯಬೇಕಾಗಿರುವುದು ಒಂದೇ: ಯೇಸುವನ್ನು ಹಿಂಬಾಲಿಸುವವರು ತಮಗಾಗಿ ಏನಾದರೂ ದೊಡ್ಡದನ್ನು ಬಯಸಬಹುದೇ? ಬಯಸಿದರೆ ಅದನ್ನು ಹೇಗೆ ನಿಭಾಯಿಸಬೇಕು?

ನಮ್ಮಲ್ಲಿ ಇದಕ್ಕೆ ಎರಡು ಸಿದ್ಧ ಉತ್ತರಗಳು ಚಾಲ್ತಿಯಲ್ಲಿವೆ. ಆಸೆಯೇ ಪಾಪ, ಇದ್ದದ್ದರಲ್ಲಿ ತೃಪ್ತಿಪಡು ಎನ್ನುವುದು ಒಂದು. ದೇವರ ಮಕ್ಕಳು ತಲೆಯಾಗಬೇಕು, ಬಾಲವಾಗಬಾರದು, ಆದ್ದರಿಂದ ದೊಡ್ಡದನ್ನೇ ಕೇಳು ಎನ್ನುವುದು ಇನ್ನೊಂದು. ಧರ್ಮೋಪದೇಶಕಾಂಡ 28:13ನ್ನು ಹಿಡಿದು ಈ ಮಾತು ಎಷ್ಟು ಉಜ್ಜೀವನ ಕೂಟಗಳಲ್ಲಿ ಕೇಳಿಬರುತ್ತದೋ ನಿಮಗೇ ಗೊತ್ತು. ಸತ್ಯವೇದವನ್ನು ಪೂರ್ತಿ ಓದಿದರೆ ಎರಡೂ ನಿಲ್ಲುವುದಿಲ್ಲ. ಕ್ರಿಸ್ತನ ಹೆಸರನ್ನೇ ಕೇಳದ ಕಡೆ ಸುವಾರ್ತೆ ಸಾರಬೇಕೆಂಬುದು ಪೌಲನ ಮಹದಾಸೆಯಾಗಿತ್ತು (ರೋಮಾಪುರದವರಿಗೆ 15:20). ಸ್ಪೇನ್ ದೇಶಕ್ಕೆ ಹೋಗುವ ಯೋಜನೆಯನ್ನೂ ಅವನು ಹಾಕಿಕೊಂಡಿದ್ದ. ಆದರೆ ಅದೇ ಪೌಲ, ಯಾವುದನ್ನೂ ಸ್ವಾರ್ಥದಿಂದಾಗಲಿ ಒಣಹೆಮ್ಮೆಯಿಂದಾಗಲಿ ಮಾಡಬೇಡಿರೆಂದು ಫಿಲಿಪ್ಪಿಯವರಿಗೆ ಬರೆಯುತ್ತಾನೆ.

ಹಾಗಾದರೆ ಗೆರೆ ಎಲ್ಲಿದೆ? ಆಸೆ ದೊಡ್ಡದೋ ಚಿಕ್ಕದೋ ಎನ್ನುವುದರಲ್ಲಿ ಇಲ್ಲ. ದೇವರು “ಬೇಡ” ಎಂದರೆ ಆ ಮಾತನ್ನು ಕೇಳಿಸಿಕೊಳ್ಳಲು ನಮ್ಮಲ್ಲಿ ಜಾಗ ಉಳಿದಿದೆಯೇ ಎನ್ನುವುದರಲ್ಲಿದೆ. ಆ ಜಾಗ ಇರುವ ತನಕ ಎಷ್ಟು ದೊಡ್ಡ ಆಸೆಯೂ ಪ್ರಾರ್ಥನೆಯಾಗಿಯೇ ಉಳಿಯುತ್ತದೆ. ಅದು ಮುಚ್ಚಿಹೋದರೆ ಸಣ್ಣ ಆಸೆಯೂ ದೇವರ ಸ್ಥಾನದಲ್ಲಿ ಕೂತುಬಿಡುತ್ತದೆ. ಕೆಳಗಿನ ಹಂತಗಳೆಲ್ಲ ಆ ಜಾಗವನ್ನು ತೆರೆದಿಡುವುದಕ್ಕಾಗಿಯೇ ಇವೆ.

ಮೊದಲು ಹೊಂದಿಸಿಕೊಳ್ಳಬೇಕಾದದ್ದು

ಒಂದು ನೋಟ್‌ಬುಕ್ ಬೇಕು. ಫೋನ್ ಬೇಡ, ಅದರಲ್ಲಿ ಬರೆದದ್ದನ್ನು ತಿದ್ದಿ ಅಳಿಸುವುದು ತೀರಾ ಸುಲಭ. ಇಲ್ಲಿ ಹಳೆಯ ವಾಕ್ಯ ಹಾಗೇ ಉಳಿಯುವುದು ಮುಖ್ಯ. ಒಂದು ಸತ್ಯವೇದ ಬೇಕು. ನಿಮ್ಮ ಮುಖ ನೋಡಿ ನಿಜ ಹೇಳಬಲ್ಲ ಒಬ್ಬ ಮನುಷ್ಯ ಬೇಕು; ಅಂಥವರು ಯಾರೆಂದು ಐದನೆಯ ಹಂತದಲ್ಲಿ ಹೇಳುತ್ತೇನೆ. ಒಂದು ತಿಂಗಳ ಸಮಯ ಇಟ್ಟುಕೊಳ್ಳಿ. ಒಂದೇ ರಾತ್ರಿ ಉಪವಾಸ ಪ್ರಾರ್ಥನೆಯಲ್ಲಿ ಇದನ್ನು ಮುಗಿಸಲು ಹೋಗಬೇಡಿ.

1. ಆಸೆಯನ್ನು ಇದ್ದಂತೆಯೇ ಒಂದು ವಾಕ್ಯದಲ್ಲಿ ಬರೆಯಿರಿ

“ದೇವರ ಮಹಿಮೆಗಾಗಿ ಹೆಚ್ಚಿನ ಜವಾಬ್ದಾರಿ ಹೊರಲು ಬಯಸುತ್ತೇನೆ” ಎಂದು ಬರೆಯಬೇಡಿ. “ಈ ಅಪ್ರೈಸಲ್‌ನಲ್ಲಿ ನಾನು ಮ್ಯಾನೇಜರ್ ಆಗಬೇಕು, ನನ್ನ ಜೊತೆ ಸೇರಿದವನು ನನಗಿಂತ ಮೊದಲು ಆಗಬಾರದು” ಎಂದು ಬರೆಯಿರಿ. “ಕ್ರಿಸ್ಮಸ್ ಕ್ಯಾರಲ್ ಸರ್ವಿಸ್‌ನಲ್ಲಿ ಸೋಲೋ ನನಗೇ ಕೊಡಬೇಕು” ಎಂದು ಬರೆಯಿರಿ. ಓದಲು ನಾಚಿಕೆಯಾದರೆ ಸರಿಯಾಗಿ ಬರೆದಿದ್ದೀರಿ ಎಂದೇ ಅರ್ಥ.

ಮಾರ್ಕ 10ನೆಯ ಅಧ್ಯಾಯದಲ್ಲಿ ಯಾಕೋಬ, ಯೋಹಾನರು ಯೇಸುವಿನ ಬಳಿ ಬಂದು ನಾವು ಕೇಳಿದ್ದನ್ನು ಮಾಡಿಕೊಡಬೇಕು ಎನ್ನುತ್ತಾರೆ. ಯೇಸು ಅವರನ್ನು ಗದರಿಸುವುದಿಲ್ಲ. ನಾನು ನಿಮಗೆ ಏನು ಮಾಡಬೇಕು ಎಂದು ಕೇಳುತ್ತಾರೆ. ಅದೇ ಅಧ್ಯಾಯದ ಕೊನೆಯಲ್ಲಿ ಕುರುಡ ಬಾರ್ತಿಮಾಯನಿಗೂ ಇದೇ ಪ್ರಶ್ನೆ. ಇಬ್ಬರು ಶಿಷ್ಯರು ಬಲಗಡೆ ಎಡಗಡೆಯ ಆಸನ ಬೇಕು ಎಂದು ಬಾಯಿಬಿಟ್ಟು ಹೇಳಿದರು. ಹೇಳಿದ್ದರಿಂದಲೇ ತಿದ್ದಿಸಿಕೊಂಡರು. ಬಾಯಿಗೆ ಬಾರದ ಆಸೆಯನ್ನು ಯಾರೂ ತಿದ್ದಲಾರರು.

ಇಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು. ಇದೇ ಘಟನೆಯನ್ನು ಮತ್ತಾಯ ಹೇಳುವಾಗ (20:20) ಕೇಳಲು ಬಂದವಳು ತಾಯಿ. ನಮ್ಮ ಮನೆಗಳಲ್ಲಿ ಅರ್ಧಕ್ಕರ್ಧ ಆಕಾಂಕ್ಷೆ ಹೀಗೆಯೇ ಹುಟ್ಟುತ್ತದೆ: ಅಪ್ಪನಿಗೆ ಸಿಗದ ಎಂಜಿನಿಯರಿಂಗ್ ಮಗನಿಗೆ, ಅಮ್ಮನಿಗೆ ಸಿಗದ ವಿದೇಶ ಮಗಳಿಗೆ. ಆದ್ದರಿಂದ ವಾಕ್ಯ ಬರೆದ ಮೇಲೆ ಅದರ ಪಕ್ಕದಲ್ಲೇ “ಇದು ಯಾರ ಆಸೆ?” ಎಂಬ ಪ್ರಶ್ನೆಗೂ ಉತ್ತರ ಬರೆಯಿರಿ. ಪೋಷಕರು ಬರೆಯುತ್ತಿದ್ದರೆ ಮಗುವಿನ ಹೆಸರಿನಲ್ಲಿ ಬರೆಯದೆ ತಮ್ಮ ಹೆಸರಿನಲ್ಲೇ ಬರೆಯಲಿ. ಮಗಳು ಮೆಡಿಕಲ್ ಬೇಕೆಂದು ಅಳುತ್ತಿದ್ದರೆ “ದೇವರ ಚಿತ್ತಕ್ಕೆ ಬಿಡು” ಎನ್ನುವುದಕ್ಕಿಂತ ಮೊದಲು ಕೂತು ಅವಳ ವಾಕ್ಯವನ್ನು ಅವಳಿಂದಲೇ ಕೇಳಿಸಿಕೊಳ್ಳಿ. ಕಾಯಿಲೆಯವರನ್ನು ನೋಡಿಕೊಳ್ಳಬೇಕೆಂಬ ಆಸೆಯೋ, ಸಂಬಂಧಿಕರೆದುರು ತಲೆ ತಗ್ಗಬಾರದೆಂಬ ಭಯವೋ, ಎರಡೂ ಸೇರಿದೆಯೋ? ಇದು ತಿಳಿಯದೆ ಕೊಡುವ ಆತ್ಮಿಕ ಸಲಹೆ ಅವಳಿಗೆ ಬಾಯಿ ಮುಚ್ಚಿಸಿದಂತೆಯೇ ಕೇಳಿಸುತ್ತದೆ.

2. ಕೆಲಸವೆಷ್ಟು, ಹೆಸರೆಷ್ಟು ಎಂದು ಬೇರ್ಪಡಿಸಿ

ಹಾಳೆಯ ಮಧ್ಯೆ ಗೆರೆ ಎಳೆಯಿರಿ. ಎಡಗಡೆ ಈ ಆಸೆ ಕೈಗೂಡಿದರೆ ನೀವು ದಿನವೂ ಮಾಡುವ ಕೆಲಸವನ್ನು, ಬಲಗಡೆ ನಿಮಗೆ ಸಿಗುವ ಹೆಸರು, ಸಂಬಳ, ಕುರ್ಚಿ, ಜನರ ಬಾಯಲ್ಲಿನ ಮಾತನ್ನು ಬರೆಯಿರಿ. ನಂತರ ಒಂದೇ ಪ್ರಶ್ನೆ: ಎಡಗಡೆಯದ್ದೆಲ್ಲ ಆಗಿ, ಬಲಗಡೆಯದ್ದು ಇನ್ನೊಬ್ಬರಿಗೆ ಹೋದರೆ ನಿಮ್ಮಲ್ಲಿ ಎಷ್ಟು ಸಂತೋಷ ಉಳಿಯುತ್ತದೆ?

ನಮ್ಮ ಎಷ್ಟೋ ಚರ್ಚುಗಳಲ್ಲಿ ತಲೆ ಎತ್ತಿ ನೋಡಿದರೆ ಫ್ಯಾನಿನ ರೆಕ್ಕೆಗಳ ಮೇಲೆ ಬಣ್ಣದಲ್ಲಿ ಬರೆಸಿದ ದಾನಿಯ ಹೆಸರು, “ಇವರ ಜ್ಞಾಪಕಾರ್ಥ” ಎಂಬ ಸಾಲು, ಇಸವಿ ಕಾಣುತ್ತವೆ. ಫ್ಯಾನು ನಿಂತಾಗ ಆ ಹೆಸರನ್ನು ಓದಬಹುದು. ಸ್ವಿಚ್ ಹಾಕಿದರೆ ಹೆಸರು ಮಾಯವಾಗಿ ಕೆಳಗೆ ಕೂತವರಿಗೆ ಗಾಳಿ ಬರುತ್ತದೆ. ನೀವು ಬರೆದ ಎರಡು ಪಟ್ಟಿಗಳನ್ನು ಹಾಗೆ ನೋಡಿ.

1 ತಿಮೊಥೆಯ 3:1ರಲ್ಲಿ, ಸಭಾಧ್ಯಕ್ಷನಾಗಲು ಬಯಸುವವನು ಒಳ್ಳೆಯ ಕೆಲಸವನ್ನು ಬಯಸುತ್ತಾನೆ ಎಂದಿದೆ. ಬಯಸುವುದನ್ನು ಪೌಲ ತಪ್ಪೆನ್ನುವುದಿಲ್ಲ, ಆದರೆ ಅದನ್ನು ಕೆಲಸ ಎಂದು ಕರೆಯುತ್ತಾನೆ. ಕನ್ನಡಿಗರಾದ ನಮಗೆ ಕಣ್ಣೆದುರಿಗೇ ಇರುವ ಉದಾಹರಣೆ ಫರ್ಡಿನಾಂಡ್ ಕಿಟ್ಟೆಲ್. ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1853ರಲ್ಲಿ ಬಂದವರು. ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಅಷ್ಟು ದೊಡ್ಡ ಆಕಾಂಕ್ಷೆ ಇಲ್ಲದೆ ಅಂಥ ಕೆಲಸ ಆಗುತ್ತಲೇ ಇರಲಿಲ್ಲ. ಹಾಗಾಗಿ ದೊಡ್ಡದನ್ನು ಬಯಸಿದ್ದಕ್ಕೇ ತಪ್ಪಿತಸ್ಥ ಭಾವನೆ ಬೇಡ.

*ಎಚ್ಚರಿಕೆ:* ಬಲಗಡೆಯ ಪಟ್ಟಿ ಪೂರ್ತಿ ಖಾಲಿಯಾಗುವ ತನಕ ಕಾಯುತ್ತೇನೆ ಎನ್ನಬೇಡಿ. ಕಲಬೆರಕೆಯಿಲ್ಲದ ಉದ್ದೇಶ ನಮ್ಮಲ್ಲಿ ಯಾರಿಗೂ ಇಲ್ಲ. ಬೆರಕೆ ಎಷ್ಟಿದೆ ಎಂದು ತಿಳಿದರೆ ಸಾಕು, ಮುಂದಿನ ಹಂತಗಳು ಅದಕ್ಕಾಗಿಯೇ ಇವೆ.

3. ನೀವು ಹಿಡಿದುಕೊಂಡಿರುವ ವಾಗ್ದಾನವನ್ನು ಪೂರ್ತಿ ಓದಿ

ಹೆಚ್ಚಿನವರು ಜಾರುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೋಗೋಣ. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಅನೇಕ ಸಭೆಗಳಲ್ಲಿ ವಾಗ್ದಾನದ ಕಾರ್ಡ್ ಎತ್ತಿಕೊಳ್ಳುವ ರೂಢಿಯಿದೆ. ಮುಂದಿನ ವರ್ಷಕ್ಕೆಂದು ಒಂದು ವಚನ ಸಿಗುತ್ತದೆ. ಅದು ಒಳ್ಳೆಯ ರೂಢಿಯೇ. ತೊಂದರೆ ಶುರುವಾಗುವುದು ಆ ವಚನವನ್ನು ನಮ್ಮ ಒಂದನೆಯ ಹಂತದ ವಾಕ್ಯಕ್ಕೆ ಹೊಲಿದುಬಿಟ್ಟಾಗ. “ದೇವರು ನನಗೆ ವಾಗ್ದಾನ ಕೊಟ್ಟಿದ್ದಾರೆ” ಎಂದು ಹೇಳಿಬಿಟ್ಟರೆ ಮುಗಿಯಿತು, “ಬೇಡ” ಎನ್ನಲು ದೇವರಿಗೂ ಜಾಗವಿಲ್ಲ, ಪ್ರಶ್ನೆ ಕೇಳಲು ಹೆಂಡತಿಗೂ ಧೈರ್ಯವಿಲ್ಲ.

ಎಲ್ಲರಿಗೂ ಪ್ರಿಯವಾದ ಯೆರೆಮೀಯ 29:11ನ್ನೇ ತೆಗೆದುಕೊಳ್ಳಿ: ನಿಮ್ಮ ವಿಷಯದಲ್ಲಿ ನಾನು ಮಾಡುವ ಆಲೋಚನೆಗಳು ಹಿತದವೇ, ನಿಮಗೆ ಒಳ್ಳೆಯ ಭವಿಷ್ಯ ಇದೆ ಎನ್ನುವ ವಚನ. ಅದು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಯಾಗಿ ಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಕಾಗದ. ಅದರ ಹಿಂದಿನ ವಚನ, ಅಂದರೆ 10ನೆಯದು, ಇದೆಲ್ಲ ಆಗುವುದು 70 ವರ್ಷ ಕಳೆದ ಮೇಲೆ ಎನ್ನುತ್ತದೆ. ಕಾಗದ ಓದಿಸಿಕೊಂಡ ದೊಡ್ಡವರಲ್ಲಿ ಬಹುಪಾಲು ಮಂದಿ ಅಷ್ಟರೊಳಗೆ ತೀರಿಕೊಂಡಿರುತ್ತಾರೆ. ಅಲ್ಲಿಯ ತನಕ ಏನು ಮಾಡಬೇಕು? ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದು 5ರಿಂದ 7ರವರೆಗಿನ ವಚನಗಳು ಹೇಳುತ್ತವೆ. ಶತ್ರುಗಳ ಪಟ್ಟಣದ ಕ್ಷೇಮಕ್ಕಾಗಿ! ಮುಂದಿನ ಏಪ್ರಿಲ್‌ನ ಬಡ್ತಿಗೂ ಈ ಕಾಗದಕ್ಕೂ ಸಂಬಂಧ ಕಟ್ಟುವುದು ಆ ಸೆರೆಯವರಿಗೆ ಮಾಡುವ ಅನ್ಯಾಯ.

ಈಗ ಅದೇ ಪುಸ್ತಕದ 45ನೆಯ ಅಧ್ಯಾಯ ತೆರೆಯಿರಿ. ಐದೇ ವಚನಗಳು, ಬಾರೂಕನೆಂಬ ಒಬ್ಬನೇ ಮನುಷ್ಯನಿಗೆ ಹೇಳಿದ್ದು. ಬಾರೂಕ ಯೆರೆಮೀಯನ ಬರಹಗಾರ. ಪ್ರವಾದಿ ಹೇಳಿದ್ದನ್ನು ಸುರುಳಿಯಲ್ಲಿ ಮಸಿಯಿಂದ ಬರೆದು ದೇವಾಲಯದಲ್ಲಿ ಓದಿದವನು. ಅರಸ ಯೆಹೋಯಾಕೀಮ ಚಳಿಗಾಲದ ಅರಮನೆಯಲ್ಲಿ ಅಗ್ಗಿಷ್ಟಿಕೆಯ ಮುಂದೆ ಕೂತು, ಆ ಸುರುಳಿಯನ್ನು ಮೂರು ನಾಲ್ಕು ಅಂಕಣ ಓದಿದ ಹಾಗೆಲ್ಲ ಚಾಕುವಿನಿಂದ ಕೊಯ್ದು ಬೆಂಕಿಗೆ ಹಾಕಿಸಿದ. ಬಾರೂಕ ಮತ್ತೆ ಮೊದಲಿನಿಂದ ಎಲ್ಲವನ್ನೂ ಬರೆಯಬೇಕಾಯಿತು. ಇವನ ಒಡಹುಟ್ಟಿದ ಸೆರಾಯನೋ ಮುಂದೆ ಅರಸನ ಜೊತೆ ಬಾಬೆಲಿಗೆ ಹೋಗುವಷ್ಟು ದೊಡ್ಡ ಅಧಿಕಾರಿಯಾದವನು (51:59). ಬರೆಯುವ ಕೈ ಇದ್ದ, ಒಳ್ಳೆಯ ಮನೆತನದ ಯುವಕನಿಗೆ ಆಸ್ಥಾನದ ಕನಸು ಇದ್ದಿದ್ದರೆ ಆಶ್ಚರ್ಯವೇನು? ನರಳಿ ನರಳಿ ದಣಿದಿದ್ದೇನೆ ಎಂದು ಅವನು ಹೇಳಿಕೊಂಡಾಗ ದೇವರಿಂದ ಬಂದ ಉತ್ತರದ ಸಾರ ಇಷ್ಟು: ನೀನು ನಿನಗಾಗಿ ದೊಡ್ಡ ಸಂಗತಿಗಳನ್ನು ಹುಡುಕುತ್ತೀಯೋ? ಹುಡುಕಬೇಡ. ಆದರೆ ನೀನು ಎಲ್ಲಿ ಹೋದರೂ ನಿನ್ನ ಪ್ರಾಣವನ್ನು ಉಳಿಸಿಕೊಡುತ್ತೇನೆ.

“ನಿನಗಾಗಿ” ಎಂಬಲ್ಲಿ ನಿಲ್ಲಿ. ಸುರುಳಿ ಬರೆಯುವುದನ್ನು ಬಿಡು ಎಂದು ದೇವರು ಹೇಳಲಿಲ್ಲ. ಕೆಲಸ ಮುಂದುವರಿಯಿತು, ನಾವು ಇವತ್ತಿಗೂ ಆ ಮಾತುಗಳನ್ನು ಓದುತ್ತಿದ್ದೇವೆ.

ಮಾಡಬೇಕಾದದ್ದು: ನಿಮ್ಮ ವಾಗ್ದಾನ ವಚನದ ಇಡೀ ಅಧ್ಯಾಯ ಓದಿ. ಯಾರಿಗೆ, ಯಾವ ಸ್ಥಿತಿಯಲ್ಲಿ, ಏನು ಮಾಡಿರೆಂದು ಹೇಳಿದೆ ಎಂಬ ಮೂರು ಸಂಗತಿ ಬರೆದುಕೊಳ್ಳಿ. ಅದರ ಕೆಳಗೆ ಯೆರೆಮೀಯ 45:5ನ್ನೂ ಬರೆಯಿರಿ. ಎರಡನ್ನೂ ಒಟ್ಟಿಗೆ ಓದಿ ಪ್ರಾರ್ಥಿಸಲು ಆಗುತ್ತದೆಯೇ ನೋಡಿ.

4. ಬೇಲಿಯನ್ನು ಈಗಲೇ ಹಾಕಿ

ಆಸೆ ಹತ್ತಿರ ಬಂದಾಗ ನಮ್ಮ ವಿವೇಚನೆ ಮಂಕಾಗುತ್ತದೆ. ಆದ್ದರಿಂದ ಏನನ್ನು ಬಿಟ್ಟುಕೊಡುವುದಿಲ್ಲ ಎಂಬುದನ್ನು ಮೊದಲೇ ಬರೆದು ತಾರೀಕು ಹಾಕಬೇಕು. “ಕುಟುಂಬವನ್ನು ಕಡೆಗಣಿಸುವುದಿಲ್ಲ” ಎಂಬಂಥ ಹಾರಿಕೆಯ ಮಾತು ನಡೆಯದು. ಹೀಗೆ ಬರೆಯಿರಿ:

ಆರಾಧನೆ: ಭಾನುವಾರದ ಆರಾಧನೆಯನ್ನು ಆಫೀಸಿನ ಕೆಲಸಕ್ಕಾಗಿ ತಿಂಗಳಿಗೆ ಎಷ್ಟು ಬಾರಿ ಬಿಡಬೇಕಾಗಬಹುದು, ಅದಕ್ಕಿಂತ ಹೆಚ್ಚಾದರೆ ಏನು ಮಾಡುತ್ತೀರಿ. ಆಸ್ಪತ್ರೆ, ಪೊಲೀಸ್, ಕಾಲ್ ಸೆಂಟರ್‌ನಂಥ ಶಿಫ್ಟ್ ಕೆಲಸದವರು ಬದಲಿ ದಿನ, ಬದಲಿ ಹೊತ್ತು ಬರೆಯಲಿ.

ಮನೆ: ವಾರದಲ್ಲಿ ಯಾವ ದಿನ ಕುಟುಂಬ ಪ್ರಾರ್ಥನೆಗೆ, ಊಟಕ್ಕೆ ಮನೆಯಲ್ಲಿರುತ್ತೀರಿ. ಇದನ್ನು ಮನೆಯವರೇ ನಿರ್ಧರಿಸಲಿ.

ಹಣ: ಸಂಬಳ ಹೆಚ್ಚಾದರೆ ದಶಮಾಂಶ, ಅಂದರೆ ಆದಾಯದ ಹತ್ತರಲ್ಲೊಂದು ಪಾಲು, ಎಷ್ಟಾಗುತ್ತದೆ ಎಂಬ ಲೆಕ್ಕ. ಅದು ಎಲ್ಲಿಗೆ ಹೋಗಬೇಕು ಎಂಬುದೂ. ಹಣ ಕೈಗೆ ಬಂದು ಸೈಟಿನ ಇ.ಎಂ.ಐ. ಶುರುವಾದ ಮೇಲೆ ಈ ಲೆಕ್ಕ ಕೂಡುವುದಿಲ್ಲ.

ಸತ್ಯ: ಇಲ್ಲಿ ಅತಿ ಸ್ಪಷ್ಟವಾಗಿರಿ. ಬಯೋಡೇಟಾದಲ್ಲಿ ಇಲ್ಲದ ಅನುಭವ ಸೇರಿಸುವುದಿಲ್ಲ. ಸೀಟಿಗಾಗಿ ಸುಳ್ಳು ಆದಾಯ ಪ್ರಮಾಣಪತ್ರ ಮಾಡಿಸುವುದಿಲ್ಲ. ವರ್ಗಾವಣೆಗೆ ಲಂಚ ಕೊಡುವುದಿಲ್ಲ. ಕೆಳಗಿನವರು ಮಾಡಿದ ಕೆಲಸವನ್ನು ನನ್ನದೆಂದು ತೋರಿಸುವುದಿಲ್ಲ. “ಎಲ್ಲರೂ ಮಾಡ್ತಾರೆ, ದೇವರು ಬಾಗಿಲು ತೆರೆದಿದ್ದಾರೆ” ಎಂಬ ಮಾತು ಕಿವಿಗೆ ಬಿದ್ದರೆ, ಸುಳ್ಳು ಹೇಳಿ ತೆರೆಯಬೇಕಾದ ಬಾಗಿಲನ್ನು ದೇವರು ತೆರೆದದ್ದೆಂದು ಹೇಳುವುದು ಅವರ ಹೆಸರನ್ನು ಅಯೋಗ್ಯವಾಗಿ ಎತ್ತಿದಂತೆ ಎಂಬುದನ್ನು ನೆನೆಯಿರಿ.

ಬೇಲಿ ಒಮ್ಮೆ ದಾಟಿದರೆ ಜೀವನವೇ ಮುಗಿಯಿತೆಂದಲ್ಲ. ದಾಟಿದ ದಿನವೇ ಬರೆದಿಡಿ, ಐದನೆಯ ಹಂತದ ವ್ಯಕ್ತಿಗೆ ಹೇಳಿ. ಒಂದೇ ಬೇಲಿಯನ್ನು ಪದೇ ಪದೇ ದಾಟುತ್ತಿದ್ದರೆ ಆ ಆಸೆಯನ್ನು ಸ್ವಲ್ಪ ಕಾಲ ಪಕ್ಕಕ್ಕಿಡಬೇಕು.

5. ಒಬ್ಬರ ಮುಂದೆ ಓದಿ ಹೇಳಿ

ನಿಮ್ಮ ಏಳಿಗೆಯಿಂದ ಲಾಭವಾಗಲಿ ನಷ್ಟವಾಗಲಿ ಇಲ್ಲದವರನ್ನು ಆರಿಸಿಕೊಳ್ಳಿ. ಒಂದೇ ಆಫೀಸಿನವರು ಬೇಡ. ನಿಮ್ಮನ್ನು ಹೊಗಳಿಯೇ ಮಾತಾಡುವ ಗೆಳೆಯ ಬೇಡ. ಸಭೆಯ ಚುನಾವಣೆಯ ವಿಷಯವಾದರೆ ಅದೇ ಸಭೆಯ ಅಯ್ಯನವರನ್ನೂ (ಪಾದ್ರಿಯನ್ನೂ) ಈ ಕೆಲಸಕ್ಕೆ ಕರೆಯಬೇಡಿ. ಅವರು ಎಲ್ಲರಿಗೂ ಕುರುಬರಾಗಿರಬೇಕಾದವರು. ಬೇರೆ ಸಭೆಯ ಹಿರಿಯರೋ, ನಿವೃತ್ತ ಪಾಲಕರೋ, ಕಥೋಲಿಕರಾದರೆ ಪಾಪನಿವೇದನೆ ಕೇಳುವ ಫಾದರ್ ಅವರೋ, ಸಂಡೇ ಸ್ಕೂಲಿನಲ್ಲಿ ನಿಮಗೆ ಕಲಿಸಿದ ಆಂಟಿಯೋ ಆಗಬಹುದು. ಒಂದನೆಯ ಹಂತದ ವಾಕ್ಯ, ಎರಡು ಪಟ್ಟಿ, ಬೇಲಿ, ಮೂರನ್ನೂ ಓದಿ ಹೇಳಿ. ನಂತರ ಸುಮ್ಮನಿದ್ದು ಕೇಳಿಸಿಕೊಳ್ಳಿ.

ಪ್ರಾರ್ಥನೆ ಕೂಟದಲ್ಲಿ “ನನಗೊಂದು ಮುಖ್ಯ ಜವಾಬ್ದಾರಿ ಬರುವ ಹಾಗಿದೆ, ಪ್ರಾರ್ಥಿಸಿ” ಎಂದು ಎಲ್ಲರೆದುರು ಇಡುವುದು ಈ ಹಂತವಲ್ಲ. ಅದು ಎಷ್ಟೋ ಸಲ ಪ್ರಾರ್ಥನಾ ವಿಷಯದ ವೇಷದ ಪ್ರಚಾರವಾಗಿಬಿಡುತ್ತದೆ.

ಸಭೆಯ ಪದವಿಗಳ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಸೆಕ್ರೆಟರಿ, ಟ್ರೆಷರರ್, ಕೊಯರ್ ಮಾಸ್ಟರ್, ಪ್ಯಾರಿಷ್ ಕೌನ್ಸಿಲ್, ಯಾವುದೇ ಇರಲಿ, ಲೋಕದ ಹುದ್ದೆಗಿಂತ ಇಲ್ಲಿ ಬಿಗಿ ಹೆಚ್ಚಿರಬೇಕು. ಗುಂಪು ಕಟ್ಟಿ ಗೆದ್ದ ಚುನಾವಣೆಯ ಗಾಯ ಎರಡು ಮೂರು ತಲೆಮಾರು ಮಾಯದ ಸಭೆಗಳನ್ನು ನೀವೂ ನೋಡಿರುತ್ತೀರಿ. ಎಲ್ಲರಿಗಿಂತ ಮುಂದಿರಲು ಇಷ್ಟಪಟ್ಟ ದಿಯೊತ್ರೇಫನ ಹೆಸರು 3 ಯೋಹಾನ 9ರಲ್ಲಿ ಉಳಿದಿರುವುದೂ ಅಂಥ ಗಾಯದಿಂದಲೇ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು 1880ರಲ್ಲಿ ಕಟ್ಟಿದ ಯೇಸುಸಭೆಯವರ (ಜೆಸ್ಯೂಟ್ ಗುರುಗಳ) ಹೆಸರು ಕೇಳಿರುತ್ತೀರಿ. ಆ ಸಂಘದಲ್ಲಿ ಅಂತಿಮ ಪ್ರತಿಜ್ಞೆ ಮಾಡುವ ಗುರುಗಳು, ಸಂಘದ ಒಳಗಾಗಲಿ ಹೊರಗಾಗಲಿ ಅಧಿಕಾರದ ಪದವಿಯನ್ನು ತಾವಾಗಿ ಬಯಸಿ ಹುಡುಕುವುದಿಲ್ಲ ಎಂದು ಬೇರೆಯಾಗಿಯೇ ಮಾತು ಕೊಡುತ್ತಾರೆ. ಬೇರೆಯವರು ಹಾಗೆ ಹುಡುಕುತ್ತಿರುವುದು ತಿಳಿದರೆ ಮೇಲಿನವರಿಗೆ ತಿಳಿಸುವುದಾಗಿಯೂ. ಮನುಷ್ಯನ ಮನಸ್ಸನ್ನು ಬಲ್ಲವರು ಮಾಡಿದ ನಿಯಮ ಅದು.

ನಮಗೆ ಸಾಮಾನ್ಯ ವಿಶ್ವಾಸಿಗಳಿಗೆ ನಾನು ಹೇಳುವುದು ಇಷ್ಟು: ಸಭೆಯ ಪದವಿಗಾಗಿ ಯಾರ ಮನೆಗೂ ಮತ ಕೇಳಲು ಹೋಗಬೇಡಿ. ಕೇಳಿದರೆ ಒಪ್ಪಿಕೊಳ್ಳಬಹುದು. ಆ ಕೆಲಸವನ್ನು ಹೆಸರಿಲ್ಲದೆ ಈಗಾಗಲೇ ಸ್ವಲ್ಪವಾದರೂ ಮಾಡುತ್ತಿದ್ದೀರಾ ನೋಡಿಕೊಳ್ಳಿ. ಲೆಕ್ಕ ಬರೆಯಲು ಒಮ್ಮೆಯೂ ಕೂರದವರಿಗೆ ಟ್ರೆಷರರ್ ಆಗುವ ಆಸೆ ಎಲ್ಲಿಂದ ಬಂತು? ಒಪ್ಪಿಕೊಂಡ ದಿನವೇ ಬಿಡುವ ದಿನವನ್ನೂ ನಿಗದಿಮಾಡಿ.

6. ದಿನದ ಕೊನೆಯಲ್ಲಿ ಐದು ನಿಮಿಷ ನೋಡಿಕೊಳ್ಳಿ

ಇದಕ್ಕೆ ಎಕ್ಸಾಮೆನ್ ಎನ್ನುತ್ತಾರೆ, ಅಂದರೆ ದೇವರ ಎದುರು ಕೂತು ಆ ದಿನವನ್ನು ಹಿಂತಿರುಗಿ ನೋಡುವ ಪ್ರಾರ್ಥನೆ. ಇದನ್ನು ಬಳಕೆಗೆ ತಂದ ಇಗ್ನೇಷಿಯಸ್ ಲೊಯೋಲಾ ಹೆಸರು ಗಳಿಸುವ ಹುಚ್ಚಿದ್ದ ಯೋಧ. 1521ರಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡಿಗೆ ಕಾಲು ಮುರಿದು ತಿಂಗಳುಗಟ್ಟಲೆ ಮಲಗಿದ್ದಾಗ ಒಂದು ವ್ಯತ್ಯಾಸ ಗಮನಿಸಿದರು. ರಾಜಕುಲದ ಹೆಣ್ಣೊಬ್ಬಳ ಮೆಚ್ಚುಗೆಗಾಗಿ ಸಾಹಸ ಮಾಡುವ ಕನಸು ಕಾಣುವಾಗ ಖುಷಿ, ಮುಗಿದ ಮೇಲೆ ಒಣಗಿದ ಮನಸ್ಸು. ಸಂತರಂತೆ ದೇವರ ಸೇವೆ ಮಾಡುವುದನ್ನು ನೆನೆದಾಗಲೂ ಖುಷಿ, ಆದರೆ ಅದು ಆಮೇಲೂ ಉಳಿಯುತ್ತಿತ್ತು.

ಮಲಗುವ ಮೊದಲು ಎರಡು ಪ್ರಶ್ನೆ ಸಾಕು. ಇವತ್ತು ಈ ಆಸೆಯನ್ನು ನೆನೆದಾಗ ಆಮೇಲೆ ನನ್ನಲ್ಲಿ ಏನು ಉಳಿಯಿತು? ಇವತ್ತು ಯಾರ ಯಶಸ್ಸಿನ ಸುದ್ದಿ ಕೇಳಿ ನನಗೆ ಸಂಕಟವಾಯಿತು? ಎರಡನೆಯದಕ್ಕೆ ಹೆಸರನ್ನೇ ಬರೆಯಿರಿ, ಆ ಹೆಸರಿಟ್ಟು ಆಶೀರ್ವಾದ ಕೇಳಿ. ಸೌಲನು ಕೊಂದ ಶತ್ರುಗಳು ಸಾವಿರ, ದಾವೀದನು ಕೊಂದವರು ಹತ್ತು ಸಾವಿರ ಎಂಬ ಹಾಡು ಕಿವಿಗೆ ಬಿದ್ದ ದಿನದಿಂದ ಅರಸ ಸೌಲ ದಾವೀದನ ಮೇಲೆ ಕಣ್ಣಿಟ್ಟ. ಆ ರಾತ್ರಿ ಯಾರಾದರೂ ಈ ಪ್ರಶ್ನೆಯನ್ನು ಅವನಿಗೆ ಕೇಳಿದ್ದರೆ! ಯೋಹಾನ 21ರಲ್ಲಿ ಪೇತ್ರನೂ ಇನ್ನೊಬ್ಬ ಶಿಷ್ಯನನ್ನು ತೋರಿಸಿ “ಇವನ ಗತಿ ಏನು?” ಎನ್ನುತ್ತಾನೆ. ಅದರಿಂದ ನಿನಗೇನು, ನೀನು ನನ್ನನ್ನು ಹಿಂಬಾಲಿಸು ಎಂದು ಯೇಸು ಉತ್ತರ ಕೊಡುತ್ತಾರೆ.

ವಾಟ್ಸಾಪ್ ಸ್ಟೇಟಸ್, ಲಿಂಕ್ಡ್‌ಇನ್ ನೋಡುವುದನ್ನು ಈ ತಿಂಗಳು ರಾತ್ರಿ ಹೊತ್ತು ಬಿಟ್ಟರೆ ಈ ಹಂತ ಅರ್ಧ ಹಗುರಾಗುತ್ತದೆ.

7. “ಬೇಡ” ಎಂಬ ಉತ್ತರವನ್ನು ಮೊದಲೇ ಪ್ರಾರ್ಥಿಸಿ

ಜಾನ್ ವೆಸ್ಲಿ 1755ರಲ್ಲಿ ಮೆಥಡಿಸ್ಟರ ನಡುವೆ ಒಡಂಬಡಿಕೆಯ ಆರಾಧನೆಯನ್ನು ಶುರುಮಾಡಿದರು: ನನ್ನನ್ನು ನಾನು ಮತ್ತೆ ದೇವರ ಕೈಗೆ ಒಪ್ಪಿಸುತ್ತೇನೆ ಎಂದು ಸಭೆಯೆಲ್ಲ ಸೇರಿ ಹೇಳುವ ಆರಾಧನೆ. ಹಳೆಯ ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್ ಕೆಲಸ ಮಾಡಿತ್ತು. 1947ರ ಸೆಪ್ಟೆಂಬರ್ 27ರಂದು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಹುಟ್ಟಿದಾಗ ಆ ಸಭೆಗಳೂ ಅದರಲ್ಲಿ ಸೇರಿದವು, ಈ ಆರಾಧನೆಯೂ ಜೊತೆಗೆ ಬಂತು. ಹೊಸ ವರ್ಷದ ಆರಂಭದಲ್ಲಿ ನೀವೂ ಹೇಳಿರಬಹುದು. ಅದರ ಪ್ರಾರ್ಥನೆಯ ಭಾವ ಇದು: ನಾನು ಇನ್ನು ನನ್ನವನಲ್ಲ, ನಿನ್ನವನು. ನಿನಗೋಸ್ಕರ ಕೆಲಸಕ್ಕೆ ಹಚ್ಚಿದರೂ ಸರಿ, ಬದಿಗೆ ಇರಿಸಿದರೂ ಸರಿ. ಮೇಲೆತ್ತಿದರೂ ಸರಿ, ತಗ್ಗಿಸಿದರೂ ಸರಿ. ತುಂಬಿದರೂ ಸರಿ, ಬರಿದು ಮಾಡಿದರೂ ಸರಿ.

ಇದನ್ನು ನಿಮ್ಮ ಒಂದನೆಯ ಹಂತದ ವಾಕ್ಯದ ಜೊತೆ ಸೇರಿಸಿ ಹೇಳಿ: “ಈ ಹುದ್ದೆ ಕೊಟ್ಟರೂ ಸರಿ, ಅದೇ ಗೆಳೆಯನಿಗೆ ಕೊಟ್ಟರೂ ಸರಿ.” ಮೊದಲ ದಿನಗಳಲ್ಲಿ ನಾಲಿಗೆ ಏಳುವುದಿಲ್ಲ. ಆಗದಿದ್ದರೆ ಆಗುತ್ತಿಲ್ಲ ಎಂದೇ ದೇವರಿಗೆ ಹೇಳಿ. ಪೌಲನೂ ತಾನು ಶರೀರದಲ್ಲಿ ನಾಟಿದ ಮುಳ್ಳು ಎಂದು ಕರೆದ ಬಾಧೆಯನ್ನು ತೆಗೆಯಬೇಕೆಂದು ಮೂರು ಸಲ ಬೇಡಿದ ಮೇಲೆಯೇ “ನನ್ನ ಕೃಪೆಯೇ ನಿನಗೆ ಸಾಕು” ಎಂಬುದನ್ನು ಒಪ್ಪಿಕೊಂಡದ್ದು.

ಉತ್ತರ “ಬೇಡ” ಎಂದೇ ಬಂದರೆ ಮುಂದೇನು? ಇದಕ್ಕೆ ದಾವೀದನಿಗಿಂತ ಒಳ್ಳೆಯ ಗುರು ಇಲ್ಲ. ದೇವಾಲಯ ಕಟ್ಟಬೇಕೆಂಬುದು ಅವನ ಜೀವಮಾನದ ಆಸೆ. ನೀನಲ್ಲ, ನಿನ್ನ ಮಗ ಕಟ್ಟುವನು ಎಂದು ದೇವರು ಹೇಳಿದರು. ಆದರೆ ಅಂಥ ಆಸೆ ನಿನ್ನ ಮನಸ್ಸಿನಲ್ಲಿದ್ದದ್ದು ಒಳ್ಳೆಯದೇ ಎಂದೂ ಹೇಳಿದರು (1 ಅರಸುಗಳು 8:18). ಒಳ್ಳೆಯ ಆಸೆಗೂ ಇಲ್ಲವೆಂಬ ಉತ್ತರ ಬರಬಹುದು, ಆಸೆ ಕೆಟ್ಟದ್ದಾಗಿತ್ತು ಎಂದು ಅದರ ಅರ್ಥವಲ್ಲ. ಆಮೇಲೆ ದಾವೀದ ಮಾಡಿದ್ದನ್ನು 1 ಪೂರ್ವಕಾಲವೃತ್ತಾಂತ 22ರಲ್ಲಿ ಓದಿ. ಬಾಗಿಲುಗಳ ಮೊಳೆಗೆ ಕಬ್ಬಿಣ ಕೂಡಿಸಿಟ್ಟ. ದೇವದಾರು ಮರ ತರಿಸಿದ. ಕಲ್ಲುಕುಟಿಗರನ್ನು ನೇಮಿಸಿದ. 28ನೆಯ ಅಧ್ಯಾಯದಲ್ಲಿ ಕಟ್ಟಡದ ನಕ್ಷೆಯನ್ನು ಸೊಲೊಮೋನನ ಕೈಗಿಟ್ಟ. ಇನ್ನೊಬ್ಬನ ಹೆಸರು ಬೀಳುವ ಕಟ್ಟಡಕ್ಕೆ ಮೊಳೆ ಹೊಂದಿಸುವುದು! ನೀವು ಬಯಸಿದ್ದು ಇನ್ನೊಬ್ಬರಿಗೆ ಸಿಕ್ಕಿದ ವಾರದಲ್ಲಿ ಮಾಡಬೇಕಾದದ್ದೂ ಅದೇ. ಅವರನ್ನು ಮುಖತಃ ಕಂಡು ಅಭಿನಂದಿಸಿ. ಆ ಕೆಲಸಕ್ಕೆಂದು ನೀವು ಮಾಡಿಟ್ಟಿದ್ದ ಫೈಲು, ಪಟ್ಟಿ, ಫೋನ್ ನಂಬರು, ಹಾಡಿನ ನೊಟೇಶನ್ ಇದ್ದರೆ ಅವರಿಗೆ ಕೊಡಿ. ಆ ವಾರ ರಾಜೀನಾಮೆ ಬರೆಯಬೇಡಿ, ಸಭೆ ಬದಲಾಯಿಸಬೇಡಿ.

*ಎಚ್ಚರಿಕೆ:* ಇದನ್ನು ಅನ್ಯಾಯ ನುಂಗಿಕೊಳ್ಳುವ ಪಾಠವೆಂದು ಓದಬೇಡಿ. ಹೆಣ್ಣೆಂಬ ಕಾರಣಕ್ಕೋ ಜಾತಿಯ ಕಾರಣಕ್ಕೋ ನಿಮ್ಮನ್ನು ಬಿಟ್ಟಿದ್ದರೆ ಬರವಣಿಗೆಯಲ್ಲಿ ಪ್ರಶ್ನಿಸಿ, ನಿಯಮದಂತೆ ಮೇಲ್ಮನವಿ ಹಾಕಿ. ಚಾವಟಿಯಿಂದ ಹೊಡೆಯಲು ಕಟ್ಟಿಹಾಕಿದಾಗ ಪೌಲ ತನ್ನ ರೋಮ್ ಪೌರತ್ವವನ್ನು ಎತ್ತಿ ಹೇಳಿದ. ಚಕ್ರವರ್ತಿಗೇ ಮನವಿ ಮಾಡಿದ. ಕೆಲವು ಮನೆಗಳಲ್ಲಿ, ಸಭೆಗಳಲ್ಲಿ, ನಮ್ರತೆಯ ಪಾಠ ಹೆಣ್ಣುಮಕ್ಕಳಿಗೆ ಮಾತ್ರ ಮೀಸಲಾಗಿರುವುದನ್ನು ಕಂಡು ನನಗೆ ನೋವಾಗುತ್ತದೆ. ಈ ಏಳು ಹಂತಗಳನ್ನು ಇನ್ನೊಬ್ಬರ ಮೇಲೆ ಹೇರಲು ಬಳಸಬೇಡಿ. ನಿಮ್ಮ ಆಸೆಯ ಮೇಲೆ ಮಾತ್ರ ಬಳಸಿ.

ಉತ್ತರ “ಹೌದು” ಎಂದು ಬಂದರೆ ಕೆಲಸ ಇನ್ನೂ ಹೆಚ್ಚು. ನಾಲ್ಕನೆಯ ಹಂತದ ಲೆಕ್ಕದಂತೆ ಮೊದಲ ತಿಂಗಳ ಸಂಬಳದಿಂದಲೇ ಕಾಣಿಕೆ ತೆಗೆದಿಡಿ. ನಿಮ್ಮ ಹಿಂದೆ ಬರುವ ಒಬ್ಬರಿಗೆ ಕೆಲಸ ಕಲಿಸಲು ಶುರುಮಾಡಿ. ಮೂರು ತಿಂಗಳಾದ ಮೇಲೆ ಎರಡನೆಯ ಹಂತದ ಪಟ್ಟಿ ತೆಗೆದು, ಎಡಗಡೆ ಬರೆದ ಕೆಲಸದಲ್ಲಿ ನಿಜವಾಗಿ ಎಷ್ಟು ಮಾಡುತ್ತಿದ್ದೀರಿ ಎಂದು ಗುರುತು ಹಾಕಿ, ಅದನ್ನು ಐದನೆಯ ಹಂತದ ವ್ಯಕ್ತಿಗೆ ತೋರಿಸಿ.

ಫಲಿತಾಂಶ ಇದೇ ವಾರ ಬರಲಿದೆ, ತಿಂಗಳು ಕಾಯಲು ಸಮಯವಿಲ್ಲ ಎನ್ನುವವರು ಇವತ್ತು ಒಂದನೆಯ ಹಂತವನ್ನೂ ನಾಲ್ಕನೆಯದರಲ್ಲಿ “ಸತ್ಯ” ಎಂಬ ಭಾಗವನ್ನೂ ಮಾಡಿ, ಏಳನೆಯ ಹಂತದ ಪ್ರಾರ್ಥನೆಯನ್ನು ಬೆಳಿಗ್ಗೆ, ಸಂಜೆ ಹೇಳಿ. ಉಳಿದ ಹಂತಗಳನ್ನು ಫಲಿತಾಂಶ ಬಂದ ಮೇಲೆ ಮಾಡಬಹುದು. ಆದರೆ ಆ ಒಂದು ವಾಕ್ಯವನ್ನು ಮಾತ್ರ ಫಲಿತಾಂಶ ಬರುವ ಮೊದಲೇ ಬರೆದು ತಾರೀಕು ಹಾಕಿರಬೇಕು.